ಉರಿಯಲ್ಲಿ ಹುಟ್ಟಿದ ನೀರು

ಸೌದೆ ಒಲೆಯ ಬಚ್ಚಲುಮನೆಯಲ್ಲಿ ಮಿಂದು ಬೆಳೆದವರಿಗೆ ಒಂದು ನೋಟ ನೆನಪಿರಬೇಕು. ಬೆಳಗಿನ ಜಾವ ಹಂಡೆಗೆ ತಣ್ಣೀರು ತುಂಬಿ, ಕೆಳಗೆ ಸೌದೆ ಒಡ್ಡಿ ಉರಿ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಹಂಡೆಯ ಹೊರಮೈಯಲ್ಲಿ ಹನಿಗಳು ಮೂಡುತ್ತಿದ್ದುವು. ಅವು ಮಸಿಯ ಮೇಲೆ ಜಾರಿ ಕೆಂಡಕ್ಕೆ ಬಿದ್ದು ಚುಂಯ್ ಎನ್ನುತ್ತಿದ್ದುವು. ಹಂಡೆ ತೂತಾಗಿದೆ ಎಂದು ನಾವು ಮಕ್ಕಳು ಕೂಗಿಕೊಂಡರೆ, ಅಜ್ಜಿ ಒಳಗಿನಿಂದಲೇ, "ತೂತೂ ಇಲ್ಲ ಗೀತೂ ಇಲ್ಲ, ಹಂಡೆ ಬೆವರ್ತಾ ಇದೆ, ಉರಿ ಮುಂದಕ್ಕೆ ನೂಕು" ಎನ್ನುತ್ತಿದ್ದರು. ನೀರು ಕಾಯುತ್ತ ಬಂದಂತೆ ಬೆವರು ತಾನಾಗಿ ನಿಲ್ಲುತ್ತಿತ್ತು. ಹಂಡೆ ಏಕೆ ಬೆವರಬೇಕು, ಅದೂ ಬೆಂಕಿ ತಗುಲಿದ ಮೇಲೆ ತಣ್ಣಗಿರುವಾಗಲೇ ಏಕೆ ಬೆವರಬೇಕು ಎಂದು ನಾನು ಕೇಳಲಿಲ್ಲ. ಮುಂದೆ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದೆ, ಆಗಲೂ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವ ಪ್ರಸಂಗ ಒದಗಿದ್ದು ಅರವತ್ತು ದಾಟಿದ ಮೇಲೆ, ಅಮೆರಿಕದ ಮಿನಿಯಾಪೊಲಿಸ್ ನಗರದ ಹೊರವಲಯದ ಒಂದು ಮನೆಯ ನೆಲಮಾಳಿಗೆಯಲ್ಲಿ, ಮೊಣಕಾಲೂರಿ ಕುಳಿತಿದ್ದಾಗ.

ಮಗಳ ಬಾಣಂತನಕ್ಕೆಂದು ಹೋಗಿದ್ದೆ. ಆ ಚಳಿ ತಮಗೆ ಆಗದೆಂದು ನಮ್ಮ ಯಜಮಾನರು ಊರಿನಲ್ಲೇ ಉಳಿದರು, ಬುದ್ಧಿವಂತರು. ಇದು 2019ನೆಯ ಇಸವಿ ಜನವರಿ ಕೊನೆಯ ಮಾತು. ಉತ್ತರ ಧ್ರುವದ ಕಡೆಯ ಶೀತಗಾಳಿ ದಕ್ಷಿಣಕ್ಕೆ ಹರಿದು ಬಂದು ಅಮೆರಿಕದ ನಡುಭಾಗವನ್ನೆಲ್ಲ ಆವರಿಸಿತ್ತು. ಜನವರಿ 30ರ ಬೆಳಗ್ಗೆ ಮಿನಿಯಾಪೊಲಿಸಿನಲ್ಲಿ ಉಷ್ಣಮಾಪಕ ಸೊನ್ನೆಗಿಂತ 33 ಡಿಗ್ರಿ ಸೆಂಟಿಗ್ರೇಡು ಕೆಳಕ್ಕೆ ಇಳಿದಿತ್ತು. ಸೊನ್ನೆಗಿಂತ ಕೆಳಗೆ ಇಷ್ಟೊಂದು ಅಂಕಿಗಳಿವೆ ಎಂಬುದೇ ನಮ್ಮ ಕಡೆಯವರಿಗೆ ನಂಬಲಾಗದ ಸಂಗತಿ. ಕೆಲಸದ ಮೇಲೆ ಷಿಕಾಗೋಗೆ ಹೋಗಿದ್ದ ಅಳಿಯಂದಿರು ವಿಮಾನಗಳು ರದ್ದಾಗಿ ಅಲ್ಲಿಯೇ ಸಿಕ್ಕಿಬಿದ್ದಿದ್ದರು. ಮನೆಯಲ್ಲಿದ್ದವರು ನಾನು, ಮಗಳು, ಇಪ್ಪತ್ತಮೂರು ದಿನದ ಮೊಮ್ಮಗಳು. ನಾಲ್ಕನೆಯದಾಗಿ, ನೆಲಮಾಳಿಗೆಯಲ್ಲಿ ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದ ಫರ್ನೇಸ್.

ನಿಘಂಟು ಈ ಪದಕ್ಕೆ ಕುಲುಮೆ ಎಂಬ ಅರ್ಥ ಕೊಡುತ್ತದೆ. ಕುಲುಮೆ ಎಂದರೆ ತಿದಿಯೂ ಇದ್ದಿಲೂ ಕಣ್ಣ ಮುಂದೆ ಬರುತ್ತವೆ. ಇದು ಹಾಗಲ್ಲ, ನಮ್ಮ ಗೋದ್ರೆಜ್ ಬೀರುವಿನಷ್ಟು ಎತ್ತರದ ತಗಡಿನ ಪೆಟ್ಟಿಗೆ. ಒಳಗೆ ನೈಸರ್ಗಿಕ ಅನಿಲ ಉರಿಯುತ್ತದೆ. ಆ ಉರಿ ಲೋಹದ ಕೊಳವೆಗಳ ಒಳಗೆ ಹಾಯುತ್ತದೆ. ಮನೆಯ ಗಾಳಿ ಅವೇ ಕೊಳವೆಗಳ ಹೊರಮೈ ಸವರಿ, ಬೆಚ್ಚಗಾಗಿ, ತಗಡಿನ ಕಾಲುವೆಗಳಲ್ಲಿ ಕೋಣೆಕೋಣೆಗೂ ಏರುತ್ತದೆ. ಹೊಗೆಗೂ ಉಸಿರಾಡುವ ಗಾಳಿಗೂ ನಡುವೆ ಇರುವುದು ಒಂದು ತೆಳು ತಗಡು. ಈ ಮಾತನ್ನು ದಯವಿಟ್ಟು ನೆನಪಿಟ್ಟಿರಬೇಕು.

29ರ ರಾತ್ರಿ ಒಂಬತ್ತರ ಸುಮಾರಿಗೆ ಮಗುವಿಗೆ ಹಾಲೂಡಿಸಿ ಮಲಗಿಸಿದ ಮಗಳು, "ಅಮ್ಮಾ, ಸದ್ದು ನಿಂತಿದೆ, ನೋಡಿದೆಯಾ?" ಎಂದಳು. ಹೌದು, ನಿಂತಿತ್ತು. ಸದ್ದಿಗಿಂತ ಸದ್ದಿಲ್ಲದಿರುವುದು ಹೆಚ್ಚು ದಿಗಿಲು ಹುಟ್ಟಿಸಬಲ್ಲದೆಂದು ನನಗೆ ಆಗ ತಿಳಿಯಿತು. ಇಳಿದು ಹೋಗಿ ನೋಡಿದೆವು. ಪೆಟ್ಟಿಗೆಯೊಳಗೆ ಒಂದು ಸಣ್ಣ ಫ್ಯಾನು ತಿರುಗತೊಡಗುತ್ತಿತ್ತು. ಬಾಯಿ ಮುಕ್ಕಳಿಸಿದಂತೆ ಗಳಗಳ ಸದ್ದು ಕೇಳುತ್ತಿತ್ತು. ಉರಿ ಹೊತ್ತುವ ಮೊದಲೇ ಎಲ್ಲವೂ ಸುಮ್ಮನಾಗುತ್ತಿತ್ತು. ಹೀಗೆ ನಾಲ್ಕಾರು ಸಲ ಪ್ರಯತ್ನಿಸಿ, ಯಂತ್ರ ಸೋತು ಕುಳಿತಿತು.

ರಿಪೇರಿಯವರಿಗೆ ಮಗಳು ದೂರವಾಣಿ ಮಾಡಿದಳು. ಊರಿಗೆ ಊರೇ ಕರೆಯುತ್ತಿದೆ, ನಾಳೆ ಮಧ್ಯಾಹ್ನಕ್ಕೆ ಮೊದಲು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಒಂಬತ್ತಕ್ಕೆ 20 ಡಿಗ್ರಿಯಿದ್ದ ಮನೆ ಹತ್ತೂವರೆಯ ಹೊತ್ತಿಗೆ 17ಕ್ಕೆ ಇಳಿದಿತ್ತು. ಹದಿನೇಳು ಡಿಗ್ರಿ ಬೆಂಗಳೂರಿನ ಮಾಗಿಯ ಬೆಳಗಿನ ಚಳಿ; ಅದಕ್ಕೆ ಯಾರೂ ಅಂಜಬೇಕಾಗಿಲ್ಲ. ಅಂಜಿಕೆಯಿದ್ದದ್ದು ಬೆಳಗಾಗುವಷ್ಟರಲ್ಲಿ ಅದು ಎಲ್ಲಿಗೆ ಮುಟ್ಟುವುದೋ ಎಂದು. ಅಂಥ ಚಳಿಯಲ್ಲಿ ಗೋಡೆಯೊಳಗಿನ ನೀರಿನ ಕೊಳಾಯಿಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಮನೆಯಲ್ಲಿದ್ದ ಒಂದೇ ಒಂದು ವಿದ್ಯುತ್ ಹೀಟರನ್ನು ಬಾಣಂತಿಯ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿದೆವು.

ಆಗ ನನಗೆ ಹೊಳೆದ ಉಪಾಯ ಯಾವುದೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವುದು ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ಗ್ಯಾರೇಜಿನಲ್ಲಿ ಬೇಸಿಗೆಯ ಅಡುಗೆಗೆಂದು ತಂದಿಟ್ಟ ಇದ್ದಿಲ ಮೂಟೆಯಿತ್ತು. "ಸ್ವಲ್ಪ ಕೆಂಡ ಮಾಡೋಣವೆ?" ಎಂದೆ. ಮಗಳು ನನ್ನ ಮುಖ ನೋಡಿ, "ಅಮ್ಮಾ, ಕೆಮಿಸ್ಟ್ರಿ ಹೇಳಿಕೊಟ್ಟವಳು ನೀನೇ ಅಲ್ಲವೆ?" ಎಂದಳು. ಇದ್ದಿಲು ಹೊಗೆಯಾಡದೆ ಉರಿದರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಹೆಂಚಿನ ಸಂದು, ಬಾಗಿಲ ಸಂದುಗಳಿಂದ ಗಾಳಿಯಾಡಿ ಬಾಣಂತಿಯರು ಬದುಕಿಕೊಂಡರು. ಎಲ್ಲರೂ ಬದುಕಿಕೊಂಡರೆ ಎಂದು ನಾವು ಲೆಕ್ಕವಿಟ್ಟವರಲ್ಲ. ಚಳಿಗಾಳಿ ಒಂದೆಳೆಯೂ ನುಸುಳದಂತೆ ಮುಚ್ಚಿದ ಆ ದೇಶದ ಮನೆಯಲ್ಲಿ ಅಗ್ಗಿಷ್ಟಿಕೆಯೆಂದರೆ ಮೃತ್ಯುವನ್ನು ಕರೆದು ಕೂರಿಸಿದಂತೆ. ಮಲಗುವ ಕೋಣೆಗಳ ಹೊರಗೆ ಗೋಡೆಗೆ ಅಂಟಿಸಿದ್ದ ಬಿಳಿಯ ಬಿಲ್ಲೆ ಈ ಅನಿಲವನ್ನು ಕಂಡು ಕೂಗುವುದಕ್ಕೆಂದೇ ಇತ್ತು. ಇದ್ದಿಲ ಮೂಟೆ ಇದ್ದಲ್ಲಿಯೇ ಇತ್ತು.

ಮಗಳು ಪಕ್ಕದ ಮನೆಯವರನ್ನು ಕರೆದಳು. ಎಪ್ಪತ್ತೈದು ದಾಟಿದ ಮುದುಕರು. ಕಣ್ಣು ಮಾತ್ರ ಕಾಣುವಂತೆ ಸುತ್ತಿಕೊಂಡು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರು ಹಿಡಿದು, ಹಿಮ ತುಳಿದುಕೊಂಡು ಬಂದರು. ಅವರ ಮಂಡಿ ಬಗ್ಗುತ್ತಿರಲಿಲ್ಲ. ಆದ್ದರಿಂದ ವಿದ್ಯೆ ಅವರದು, ಮಂಡಿ ನನ್ನದು ಎಂದು ತೀರ್ಮಾನವಾಯಿತು.

ಪೆಟ್ಟಿಗೆಯ ಕೆಳಮುಚ್ಚಳದಲ್ಲಿ ಬೊಟ್ಟಿನಷ್ಟು ಗಾಜಿನ ಕಿಂಡಿ. ಅದರೊಳಗೆ ಕೆಂಪು ದೀಪವೊಂದು ಮಿಣುಕುತ್ತಿತ್ತು. "ಎಣಿಸಿ" ಎಂದರು. ಮೂರು ಸಲ ಮಿಣುಕಿ ಬಿಡುವು, ಮತ್ತೆ ಮೂರು. ಮುಚ್ಚಳದ ಒಳಮೈಗೆ ಅಂಟಿಸಿದ್ದ ಪಟ್ಟಿಯಲ್ಲಿ ಮೂರಕ್ಕೆ ಎದುರಾಗಿ, ಒತ್ತಡದ ಸ್ವಿಚ್ಚು ಮುಚ್ಚಿಕೊಂಡಿಲ್ಲ ಎಂದಿತ್ತು. ಉರಿ ಹೊತ್ತುವ ಮೊದಲು ಸಣ್ಣ ಫ್ಯಾನು ಕೊಳವೆಗಳಿಂದ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಎಳೆತ ಸರಿಯಾಗಿದ್ದರೆ ತೆಳುವಾದ ರಬ್ಬರಿನ ಪೊರೆಯೊಂದು ಒಳಸರಿದು ಸ್ವಿಚ್ಚನ್ನು ಮುಚ್ಚುತ್ತದೆ. ಆಮೇಲೆಯೇ ಅನಿಲಕ್ಕೆ ಅಪ್ಪಣೆ. ಎಳೆತವಿಲ್ಲದಿದ್ದರೆ ಹೊಗೆಗೆ ಹೊರದಾರಿ ಇಲ್ಲವೆಂದರ್ಥ, ಉರಿ ಹೊತ್ತಬಾರದು. ಮುದುಕರು ಆ ಸ್ವಿಚ್ಚಿನ ಎರಡು ತಂತಿಗಳನ್ನು ತೋರಿಸಿ, "ಇವೆರಡನ್ನು ಸೇರಿಸಿ ಕಟ್ಟಿದರೆ ಫರ್ನೇಸು ಈಗಲೇ ಹೊತ್ತುತ್ತದೆ. ಹಾಗೆ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ" ಎಂದರು. ಮೇಲೆ ಮಗು ಅಳತೊಡಗಿತ್ತು. ಹನ್ನೊಂದು ಗಂಟೆ, ಹದಿನಾರು ಡಿಗ್ರಿ. ಆ ತಂತಿಗಳ ಕಡೆಗೆ ನನ್ನ ಕಣ್ಣು ಎರಡು ಸಲ ಹೋದುದು ಸುಳ್ಳಲ್ಲ.

ಎಳೆತ ಏಕೆ ಇಲ್ಲ? ಗಳಗಳ ಸದ್ದೇ ಉತ್ತರ ಹೇಳುತ್ತಿತ್ತು. ಒಳಗೆ ನೀರು ನಿಂತಿತ್ತು.

ಉರಿಯುವ ಯಂತ್ರದೊಳಗೆ ನೀರು ಎಲ್ಲಿಂದ ಬಂತೆಂದು ನೀವು ಕೇಳುತ್ತೀರಿ. ನಾನೂ ಅವರನ್ನು ಕೇಳಿದೆ. ಕೇಳಿದ ಕ್ಷಣವೇ ನನ್ನ ಕಪ್ಪುಹಲಗೆ ಕಣ್ಣ ಮುಂದೆ ನಿಂತಿತು. ಮೀಥೇನಿನ ಒಂದು ಅಣು, ಆಮ್ಲಜನಕದ ಎರಡು ಅಣು, ಉರಿದರೆ ಇಂಗಾಲದ ಡೈಆಕ್ಸೈಡಿನ ಒಂದು ಅಣು, ನೀರಿನ ಎರಡು ಅಣು. ಎಷ್ಟು ವರ್ಷ ಎಷ್ಟು ತರಗತಿಗಳಿಗೆ ಬರೆದು ಅಳಿಸಿದ ಸಮೀಕರಣ! ತೂಕ ಹಾಕಿದರೆ ಒಂದು ಕಿಲೋ ಮೀಥೇನ್ ಉರಿದಾಗ ಎರಡೂಕಾಲು ಕಿಲೋ ನೀರು ಹುಟ್ಟುತ್ತದೆ, ಉರಿದದ್ದಕ್ಕಿಂತ ಹೆಚ್ಚು. ಆ ನೀರು ಎಲ್ಲಿಗೆ ಹೋಗುತ್ತದೆಂದು ಯಾವ ವಿದ್ಯಾರ್ಥಿನಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಜಲಜನಕವೆಂಬ ಕನ್ನಡ ಪದವೇ ಗುಟ್ಟನ್ನು ಬಿಟ್ಟುಕೊಡುತ್ತದೆ. ಈ ಅನಿಲ ಉರಿದರೆ ನೀರಾಗುವುದೆಂದು ಕ್ಯಾವೆಂಡಿಷ್ 1780ರ ದಶಕದಲ್ಲಿ ತೋರಿಸಿದ. ಲವಾಸಿಯೇ ಮತ್ತು ಅವನ ಸಂಗಡಿಗರು 1787ರಲ್ಲಿ ನೀರನ್ನು ಹುಟ್ಟಿಸುವುದು ಎಂಬರ್ಥದ ಗ್ರೀಕ್ ಹೆಸರನ್ನು ಅದಕ್ಕೆ ಗೊತ್ತುಮಾಡಿದರು. ನಮ್ಮವರು ಅದನ್ನೇ ಅಚ್ಚುಕಟ್ಟಾಗಿ ಜಲಜನಕ ಎಂದರು. ತೈತ್ತಿರೀಯ ಉಪನಿಷತ್ತಿನ ಸೃಷ್ಟಿಕ್ರಮದಲ್ಲಿಯೂ ನೀರು ಅಗ್ನಿಯಿಂದ ಹುಟ್ಟಿದ್ದೇ. ಇದನ್ನು ಹಿಡಿದು ಋಷಿಗಳಿಗೆ ಫರ್ನೇಸು ತಿಳಿದಿತ್ತೆಂದು ಹೊರಡುವವರ ಗುಂಪಿಗೆ ನಾನು ಸೇರಿದವಳಲ್ಲ. ಆದರೆ ಆ ರಾತ್ರಿ ಆ ಮಾತು ನೆನಪಾಗದೆ ಇರಲಿಲ್ಲ.

ಹಳೆಯ ಕಾಲದ ಫರ್ನೇಸುಗಳಲ್ಲಿ ಈ ನೀರು ಬಿಸಿ ಆವಿಯಾಗಿಯೇ ಚಿಮಣಿಯಲ್ಲಿ ಏರಿ ಹೋಗುತ್ತಿತ್ತು; ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆವಿಯ ಬೆನ್ನಿನ ಮೇಲೆ ಕಾವೂ ಹೋಗುತ್ತಿತ್ತು. 1973ರಲ್ಲಿ, ಮತ್ತೆ 1979ರಲ್ಲಿ ತೈಲದ ಬೆಲೆ ಏರಿ ಪಾಶ್ಚಾತ್ಯ ದೇಶಗಳು ಬೆಚ್ಚಿದ ಮೇಲೆ, ಹೀಗೆ ಸೋರಿಹೋಗುವ ಕಾವನ್ನು ಹಿಡಿಯುವ ಯೋಚನೆ ಬಲವಾಯಿತು. 1980ರ ದಶಕದಿಂದೀಚೆಗೆ ಮನೆಗಳಿಗೆ ಬಂದ ಹೊಸ ಬಗೆಯ ಫರ್ನೇಸುಗಳಲ್ಲಿ ಹೊಗೆ ಮೊದಲ ಕೊಳವೆಗಳನ್ನು ದಾಟಿದ ಮೇಲೆ, ತುಕ್ಕು ಹಿಡಿಯದ ಉಕ್ಕಿನ ಇನ್ನೊಂದು ಸುತ್ತಿನಲ್ಲಿ ಹಾಯಬೇಕು. ಅಲ್ಲಿ ಅದು ಸುಮಾರು 55 ಡಿಗ್ರಿಗಿಂತ ತಣ್ಣಗಾದರೆ ಆವಿ ಹನಿಗಟ್ಟುತ್ತದೆ. ಹನಿಗಟ್ಟುವಾಗ ತನ್ನೊಳಗೆ ಅಡಗಿದ ಕಾವನ್ನು ಬಿಟ್ಟುಕೊಡುತ್ತದೆ. ಅಡಗಿದ ಕಾವೆಂದರೇನೆಂದು ಅಡುಗೆಮನೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಕುದಿನೀರು ಬಿದ್ದ ಕೈಗಿಂತ ಇಡ್ಲಿ ಪಾತ್ರೆಯ ಹಬೆ ತಗುಲಿದ ಕೈ ಹೆಚ್ಚು ಸುಡುವುದು ಇದರಿಂದಲೇ. ಅನಿಲದ ಒಟ್ಟು ಶಕ್ತಿಯಲ್ಲಿ ಹತ್ತನೆಯ ಒಂದು ಪಾಲು ಈ ಆವಿಯಲ್ಲಿ ಅಡಗಿರುತ್ತದೆ. ಅದನ್ನು ಬಿಡದೆ ಹಿಡಿಯುವ ಯಂತ್ರಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕಾವನ್ನು ಮನೆಗೆ ಕೊಡುತ್ತವೆ. ಹೊರಬೀಳುವ ಹೊಗೆ ಎಷ್ಟು ತಣ್ಣಗೆ ಎಂದರೆ ಅದಕ್ಕೆ ಇಟ್ಟಿಗೆಯ ಚಿಮಣಿ ಬೇಡ, ಪ್ಲಾಸ್ಟಿಕ್ ಕೊಳವೆ ಸಾಕು. ಬೀದಿಯಲ್ಲಿ ನಿಂತು ನೋಡಿದರೆ ಮನೆಮನೆಯ ಪಕ್ಕೆಯಿಂದಲೂ ಬಿಳಿಯ ಉಸಿರು ಹೊರಡುವುದು ಕಾಣುತ್ತದೆ.

ಅಜ್ಜಿಯ ಹಂಡೆಯೂ ಇದನ್ನೇ ಮಾಡುತ್ತಿತ್ತು. ಉರಿಯ ಆವಿ, ಸೌದೆಯ ಹಸಿತನವೂ ಸೇರಿ, ತಣ್ಣನೆಯ ತಾಮ್ರ ತಗುಲಿ ಹನಿಗಟ್ಟುತ್ತಿತ್ತು. ಹಂಡೆ ಕಾದ ಮೇಲೆ ಹನಿಗಟ್ಟಲು ತಣ್ಪಿಲ್ಲ, ಬೆವರು ನಿಲ್ಲುತ್ತಿತ್ತು.

ಹಂಡೆಯ ಬೆವರು ಕೆಂಡಕ್ಕೆ ಬಿದ್ದು ಮುಗಿದುಹೋಯಿತು. ಫರ್ನೇಸಿನ ಬೆವರಿಗೆ ದಾರಿ ಬೇಕು. ಕಡು ಚಳಿಯ ದಿನ ಅದು ಹತ್ತು ಹದಿನೈದು ಲೀಟರಾದೀತು. ಅದಕ್ಕಾಗಿ ಒಂದು ಸಣ್ಣ ಟ್ರ್ಯಾಪು, ಅಲ್ಲಿಂದ ನೆಲದ ಮೋರಿಗೆ ಒಂದು ಬೆರಳುಗಾತ್ರದ ಬಿಳಿಯ ಕೊಳವೆ. ಬೇಸಿಗೆಯಲ್ಲಿ ಅದೇ ಕೊಳವೆಯಲ್ಲಿ ತಂಪುಯಂತ್ರದ ನೀರೂ ಹರಿಯುತ್ತದೆ. ಆ ನೀರಿನಲ್ಲಿ ಧೂಳು ಸೇರಿ, ಪಾಚಿಯಂಥ ಲೋಳೆ ಬೆಳೆಯುತ್ತದೆ. ಬೆಂಗಳೂರಿನಲ್ಲಿ ಏರ್ ಕಂಡೀಷನರಿನ ಕೊಳವೆ ಕಟ್ಟಿ ಗೋಡೆಯ ಮೇಲೆ ನೀರಿಳಿದುದನ್ನು ಕಂಡವರಿಗೆ ಈ ಲೋಳೆಯ ಪರಿಚಯವಿದ್ದೀತು. ಚಳಿ ಸಾಧಾರಣವಾಗಿದ್ದ ಡಿಸೆಂಬರಿನಲ್ಲಿ ಅರ್ಧ ಕಟ್ಟಿದ ದಾರಿಯಲ್ಲೂ ನೀರು ಹೇಗೋ ನುಸುಳಿ ಹೋಗಿತ್ತು. ಆ ವಾರ ಯಂತ್ರ ಬಿಡುವಿಲ್ಲದೆ ಉರಿಯಿತು, ನೀರು ಬಿಡುವಿಲ್ಲದೆ ಹುಟ್ಟಿತು, ಬರುವಷ್ಟು ಹೋಗಲಿಲ್ಲ. ನಮಗೆ ಯಂತ್ರ ಅತ್ಯಂತ ಬೇಕಾದ ರಾತ್ರಿಯೇ ಅದು ನಿಂತದ್ದರಲ್ಲಿ ಗ್ರಹಚಾರದ ಪಾತ್ರವೇನೂ ಇಲ್ಲ.

ಮುದುಕರ ಅಪ್ಪಣೆಯಂತೆ ವಿದ್ಯುತ್ತಿನ ಸ್ವಿಚ್ಚು ಆರಿಸಿದೆ, ಅನಿಲದ ತಿರುಪು ಅಡ್ಡ ಮಾಡಿದೆ, ಮುಚ್ಚಳ ಬಿಚ್ಚಿದೆ. ಎಡಮೂಲೆಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಡಬ್ಬಿ, ಅದೇ ಟ್ರ್ಯಾಪು. ಮೇಲಿನಿಂದ ಎರಡು ರಬ್ಬರ್ ನಳಿಕೆ ಬಂದು ಸೇರಿದ್ದುವು. ಕೆಳಗೆ ಬೋಗುಣಿ ಹಿಡಿದು ಇಕ್ಕಳದಿಂದ ಕ್ಲಿಪ್ಪು ಸರಿಸಿ ನಳಿಕೆ ಎಳೆದೆ. ಬೋಗುಣಿ ಸಾಲಲಿಲ್ಲ. ನಸುಬೆಚ್ಚಗಿನ ನೀರು ನನ್ನ ಕಾಲುಚೀಲವನ್ನು ತೋಯಿಸಿ ನೆಲದ ಮೇಲೆಲ್ಲ ಹರಿಯಿತು. ಆ ಚಳಿಯಲ್ಲಿ ಒದ್ದೆ ಕಾಲುಚೀಲದಷ್ಟು ದುಃಖದ ವಸ್ತು ಬೇರೊಂದಿಲ್ಲ. ಆದರೂ ನನಗೆ ಹಿಗ್ಗಾಯಿತು. ಕಾಯಿಲೆ ಯಾವುದೆಂದು ಗೊತ್ತಾದಂತಾಯಿತಲ್ಲ!

ಡಬ್ಬಿ ಕಳಚಿ ಬೆಳಕಿಗೆ ಹಿಡಿದೆವು. ಒಳಗಿನ ತಿರುವಿನಲ್ಲಿ ಬೂದುಬಣ್ಣದ ಲೋಳೆ, ಗಂಜಿಯ ಕೆನೆಯಂತೆ ಮಂದವಾಗಿ ಕಟ್ಟಿತ್ತು. ಅದರ ನಡುವೆ ಬಿಳಿಯ ಪ್ಲಾಸ್ಟಿಕ್ಕಿನ ಸಿಪ್ಪೆಗಳು, ಹಿಂದೆ ಯಾರೋ ಕೊಳವೆ ಕತ್ತರಿಸುವಾಗ ಉದುರಿ ಒಳಸೇರಿದಂಥವು. ಊರಿನಲ್ಲಾಗಿದ್ದರೆ ತೆಂಗಿನ ಗರಿಯ ಕಡ್ಡಿ ಸಾಕಿತ್ತು; ಬಚ್ಚಲ ಮೋರಿಗೆ ಎಷ್ಟು ಸಲ ಆಡಿಸಿಲ್ಲ! ಅಲ್ಲಿ ಯಾವ ಕಡ್ಡಿ ಸಿಕ್ಕೀತು? ಮೇಲೆ ಹೋಗಿ ಮಗುವಿನ ಹಾಲಿನ ಬಾಟಲಿ ತೊಳೆಯುವ ಬ್ರಷ್ಷನ್ನು ತಂದೆ. "ಅಮ್ಮಾ, ಅದನ್ನಲ್ಲ!" ಎಂದು ಮಗಳು ಹೇಳುವಷ್ಟರಲ್ಲಿ ಇಳಿದುಬಿಟ್ಟಿದ್ದೆ. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಡಬ್ಬಿಯ ತಿರುವುಗಳಲ್ಲೆಲ್ಲ ಅದನ್ನು ಆಡಿಸಿ, ಬಿಸಿನೀರು ಬಿಟ್ಟು, ನೀರು ತಿಳಿಯಾಗಿ ಹಾಯುವವರೆಗೆ ತೊಳೆದೆ. ಮೋರಿಯ ಕಡೆಯ ಕೊಳವೆಯ ಬಾಯಿಗೆ ವ್ಯಾಕ್ಯೂಮಿನ ಸೊಂಡಿಲು ಹಿಡಿದು, ಸಂದಿಗೆ ಹಳೆಯ ಬಟ್ಟೆ ಸುತ್ತಿ ಎಳೆಸಿದೆವು. ಕುಡಿಯುವ ಮಜ್ಜಿಗೆ ತಳ ಮುಟ್ಟಿದಾಗ ಆಗುವಂಥ ಸದ್ದಾಗಿ, ಒಂದು ಗೇಣುದ್ದದ ಲೋಳೆ ಹೊರಬಂತು. ಮುದುಕರು ಅದನ್ನು ಟಾರ್ಚಿನಲ್ಲಿ ನೋಡಿ ಬಹಳ ಸಂತೋಷಪಟ್ಟರು.

ಇನ್ನೇನು ಮುಚ್ಚಳ ಹಾಕಬೇಕು, ಅವರು ಕೈಯೆತ್ತಿ ತಡೆದು, "ಒಂದು ಲೋಟ ನೀರು" ಎಂದರು. ಬಾಯಾರಿಕೆಯೇನೋ ಎಂದು ಮೆಟ್ಟಿಲು ಹತ್ತಲು ಹೊರಟಿದ್ದೆ. ಅವರಿಗಲ್ಲ, ಟ್ರ್ಯಾಪಿಗೆ! ತಿರುವಿನಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು; ಬರಿದಾಗಿದ್ದರೆ ಫ್ಯಾನು ಅದರ ಮೂಲಕ ಹೊರಗಿನ ಗಾಳಿಯನ್ನೆಳೆದು ನೀರು ಇಳಿಯದಂತೆ ಮಾಡುತ್ತದೆ, ಇಲ್ಲವೆ ಹೊಗೆಗೆ ಕಳ್ಳದಾರಿಯಾಗುತ್ತದೆ. ನಮ್ಮ ಕಕ್ಕಸಿನ ಬಾಗುಕೊಳವೆಯ ತತ್ತ್ವವೇ ಇದು. ಲಂಡನ್ನಿನ ಗಡಿಯಾರ ತಯಾರಕ ಅಲೆಗ್ಸಾಂಡರ್ ಕಮಿಂಗ್ 1775ರಲ್ಲಿ ಸನ್ನದು ಪಡೆದದ್ದು. ನೀರು ತೆಗೆಯಲೆಂದು ಎರಡು ಗಂಟೆ ಹೆಣಗಿ, ಕೊನೆಗೆ ನಾವೇ ನೀರು ಹೊಯ್ದೆವು.

ತಿರುಪು ತೆರೆದು ಸ್ವಿಚ್ಚು ಹಾಕಿದಾಗ ಹನ್ನೆರಡು ದಾಟಿತ್ತು; ಮನೆ 14 ಡಿಗ್ರಿಗೆ ಬಂದಿತ್ತು. ಸಣ್ಣ ಫ್ಯಾನು ತಿರುಗಿತು, ಗಳಗಳ ಇಲ್ಲ. ಟಿಕ್ ಎಂದು ಸ್ವಿಚ್ಚು ಮುಚ್ಚಿಕೊಂಡಿತು. ಹೊತ್ತಿಸುವ ಕಡ್ಡಿ ಕಿತ್ತಳೆಬಣ್ಣಕ್ಕೆ ಕಾದು, ನೀಲಿಯ ಉರಿ ಸಾಲಾಗಿ ಬುಸ್ಸೆಂದು ಹಬ್ಬಿತು. ಅರ್ಧ ನಿಮಿಷದ ಮೇಲೆ ದೊಡ್ಡ ಫ್ಯಾನು ಗುಂಯ್‌ಗುಟ್ಟಿತು. ನಾವಿಬ್ಬರೂ ಮಾತಾಡಲಿಲ್ಲ. ಹತ್ತು ನಿಮಿಷ ಕಾದೆವು, ಉರಿಯನ್ನಲ್ಲ, ಮೋರಿಯ ಬಾಯನ್ನು ನೋಡುತ್ತ. ಮೊದಲ ಹನಿ ಬಿತ್ತು. ಇನ್ನೊಂದು ಬಿತ್ತು. "ಇನ್ನು ಮಲಗಬಹುದು" ಎಂದು ಮುದುಕರು ಟಾರ್ಚು ಆರಿಸಿದರು. ಬೇಡವೆಂದರೂ ಕೇಳದೆ ನಾನು ಕೊಟ್ಟ ಶುಂಠಿ ಕಷಾಯವನ್ನು, ಮುಖ ಸಿಂಡರಿಸದೆ ಕುಡಿದು ಹೋದರು. ಆ ರಾತ್ರಿ ಅವರು ತೋರಿದ ಧೈರ್ಯಗಳಲ್ಲಿ ಅದೂ ಒಂದು.

ಈ ನೀರು ತಿಳಿಯಾಗಿ ಕಂಡರೂ ಹುಳಿ. ಇಂಗಾಲದ ಡೈಆಕ್ಸೈಡು ಕರಗಿ ಆದ ಸೋಡಾನೀರಿನ ಹುಳಿ. ಅದರೊಡನೆ ಉರಿಯ ಕಾವಿನಲ್ಲಿ ಗಾಳಿಯ ಸಾರಜನಕ ಸುಟ್ಟು ಹುಟ್ಟುವ ನೈಟ್ರಿಕ್ ಆಮ್ಲದ ಲೇಶ. ಆದ್ದರಿಂದಲೇ ಕೊಳವೆ ಪ್ಲಾಸ್ಟಿಕ್ಕಿನದು. ಕೆಲವು ಮನೆಗಳಲ್ಲಿ ನೀರನ್ನು ಸುಣ್ಣಕಲ್ಲಿನ ಚೂರುಗಳ ಮೇಲೆ ಹಾಯಿಸಿ ಹುಳಿ ಮುರಿದು ಬಿಡುತ್ತಾರೆ. ಕಾಲೇಜಿನಲ್ಲಿ ಲಿಟ್ಮಸ್ ಮುಗಿದಾಗ ನಾನು ಕೆಂಪು ದಾಸವಾಳದ ಎಸಳು ತರಿಸುತ್ತಿದ್ದೆ. ಮಿನಿಯಾಪೊಲಿಸಿನ ಹಿಮದಲ್ಲಿ ದಾಸವಾಳವೆಲ್ಲಿ? ಮರುದಿನ ಫ್ರಿಜ್ಜಿನಲ್ಲಿದ್ದ ನೇರಳೆ ಎಲೆಕೋಸನ್ನು ಹೆಚ್ಚಿ ಕುದಿಸಿ, ಆ ರಸಕ್ಕೆ ಮೋರಿಯ ನೀರು ಬೆರೆಸಿದೆ. ನೇರಳೆ ಬಣ್ಣ ಗುಲಾಬಿಗೆ ತಿರುಗಿತು. ಮಗುವನ್ನೆತ್ತಿಕೊಂಡ ಮಗಳು ಒಬ್ಬಳೇ ನನ್ನ ತರಗತಿ.

ಮಧ್ಯಾಹ್ನ ಬರುತ್ತೇನೆಂದ ರಿಪೇರಿಯವನು ಮೂರನೆಯ ದಿನ ಬಂದ. ಪಾಪ, ಆ ಮೂರು ದಿನ ಅವನು ನಿದ್ರೆ ಕಂಡಂತಿರಲಿಲ್ಲ. ಎಲ್ಲವನ್ನೂ ನೋಡಿ, ಸರಿಯಾಗಿದೆ, ವರ್ಷಕ್ಕೊಮ್ಮೆ ಚಳಿಗೆ ಮುಂಚೆ ಟ್ರ್ಯಾಪು ತೊಳೆಯಬೇಕು, ಕೊಳವೆಗೆ ಆಗಾಗ ಒಂದು ಲೋಟ ವಿನಿಗರ್ ಹೊಯ್ಯಬಹುದು ಎಂದ. ಪಾತ್ರೆಬಟ್ಟೆಯ ಬ್ಲೀಚನ್ನೂ ಜೊತೆಗೆ ಹಾಕುವವರಿದ್ದಾರೆಂದು ಅವನೇ ನಕ್ಕ. ವಿನಿಗರಿಗೆ ಬ್ಲೀಚು ಸೇರಿದರೆ ಕ್ಲೋರೀನ್ ಅನಿಲವೇಳುತ್ತದೆ. ನಗುವ ಮಾತಲ್ಲವೆಂದು ನಾನು ಹೇಳಿದೆ. ಹಿಂದಿನ ಶರತ್ಕಾಲದಲ್ಲಿ ಯಂತ್ರ ಪರೀಕ್ಷೆಗೆಂದು ಬಂದು ಹಣ ಪಡೆದವರು ಟ್ರ್ಯಾಪನ್ನು ಏಕೆ ಬಿಚ್ಚಲಿಲ್ಲ ಎಂದು ಮಗಳು ಕೇಳಿದಳು. ಅವನು ಉತ್ತರ ಹೇಳಲಿಲ್ಲ, ಬಿಲ್ಲು ಬರೆದ.

ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನ ಮಗನಿಗೆ ಈ ಕಥೆ ಹೇಳಿದಾಗ ಅವನೂ ತನ್ನದೊಂದನ್ನು ಹೇಳಿದ. ಅಲ್ಲಿ 2005ರಿಂದ ಮನೆಗಳಿಗೆ ಹಾಕುವ ಹೊಸ ಬಾಯ್ಲರುಗಳೂ ಇದೇ ಬಗೆಯವಾಗಬೇಕೆಂಬ ನಿಯಮ ಬಂದಿತು. ನೀರಿನ ಕೊಳವೆಯನ್ನು ಎಷ್ಟೋ ಮನೆಗಳಲ್ಲಿ ಹೊರಗೋಡೆಯ ಮೇಲೆ ಹಾಯಿಸಿದ್ದರು. 2010ರ ಡಿಸೆಂಬರಿನ ಚಳಿಯಲ್ಲಿ ಆ ಕೊಳವೆಗಳೊಳಗೆ ನೀರು ಹೆಪ್ಪುಗಟ್ಟಿ ಮನೆಗಳು ತಣ್ಣಗಾದುವು. ಇವನು ಪೈಜಾಮದಲ್ಲೇ ಹೊರಗೆ ನಿಂತು ಕೊಳವೆಯ ಮೇಲೆ ಕೆಟಲಿನಿಂದ ಬಿಸಿನೀರು ಹೊಯ್ದನಂತೆ.

ಫೆಬ್ರವರಿ ಮೊದಲ ವಾರ ಅಳಿಯಂದಿರು ಬಂದರು. ನೆಲಮಾಳಿಗೆಗೆ ಇಳಿದು ಎಲ್ಲವನ್ನೂ ನೋಡಿ, "ಅತ್ತೆ, ನೀವೇ ಬಿಚ್ಚಿದಿರಾ?" ಎಂದು ಮೂರು ಸಲ ಕೇಳಿದರು. ಮಗಳು ಹೊಸ ಬಾಟಲಿ ಬ್ರಷ್ಷು ತರಿಸಿಕೊಂಡಳು. ಹಳೆಯದನ್ನು ಎಸೆಯಲಿಲ್ಲ, ಫರ್ನೇಸಿನ ಪಕ್ಕದ ಮೊಳೆಗೆ ತೂಗುಹಾಕಿ, "ಇದು ಅಮ್ಮನದು" ಎಂದು ಕನ್ನಡದಲ್ಲಿ ಬರೆದು ಚೀಟಿ ಅಂಟಿಸಿದ್ದಾಳೆ.